ಮೆಟ್ನರನ ಸೊನಾಟಗಳು, ಮೈಸೂರಿನ ಔದಾರ್ಯ

ರಷ್ಯದ ನಿಕೊಲಾಯ್ ಮೆಟ್ನರನು (1880–1951) ಪಿಯಾನೊ ವಾದ್ಯಕ್ಕೆಂದು ರಚಿಸಿದ ಸೊನಾಟ ಎಂಬ ಪ್ರಕಾರದ ಹದಿನಾಲ್ಕು ಕೃತಿಗಳನ್ನೂ ಕೆನಡಾದ ವಾದಕ ಮಾರ್ಕ್-ಆಂದ್ರೆ ಹ್ಯಾಮೆಲಿನ್ ನುಡಿಸಿ, ಹೈಪೀರಿಯನ್ ಸಂಸ್ಥೆಯು 1998ರಲ್ಲಿ ಹೊರತಂದ ನಾಲ್ಕು ಸಿ.ಡಿ.ಗಳ ಸಂಪುಟವನ್ನು ಕುರಿತು ಬಳ್ಳಾರಿ ಸೀಮೆಯ ಮೋಕ, ಸಿರುಗುಪ್ಪ, ಕುರುಗೋಡುಗಳ ಓದುಗರೊಡನೆ ಮಾತನಾಡುವುದಕ್ಕೆ ಕಾರಣವುಂಟು. ಈ ಸಂಗೀತಗಾರನು ಮುದುಕನಾಗಿ, ರೋಗಪೀಡಿತನಾಗಿ, ಲಂಡನ್ನಿನಲ್ಲಿ ಬಹುಮಟ್ಟಿಗೆ ವಿಸ್ಮೃತನಾಗಿ ಬದುಕುತ್ತಿದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಧನವಿತ್ತು, ಮೆಟ್ನರ್ ಸೊಸೈಟಿ ಎಂಬ ಸಂಘದ ಸ್ಥಾಪನೆಗೆ ಕಾರಣರಾದವರು ನಮ್ಮ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು. ಆ ಕಾಲಕ್ಕೆ ಬಳ್ಳಾರಿ ಸೀಮೆ ಮದರಾಸಿಗೆ ಸೇರಿದ್ದಿತು; 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಾಗ ಅದೇ ಅರಸರು ರಾಜಪ್ರಮುಖರಾಗಿದ್ದರು.

ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತಕ್ಕೂ ಮಿಗಿಲಾದ ಕೀರ್ತನೆಗಳನ್ನು ರಚಿಸಿದ ಅವರು ಪಾಶ್ಚಾತ್ಯ ಸಂಗೀತದಲ್ಲಿಯೂ ಗಾಢವಾಗಿ ಪರಿಶ್ರಮಿಸಿದವರು. 1947ರಿಂದ ಮೊದಲುಗೊಂಡು ಎಚ್.ಎಂ.ವಿ. ಸಂಸ್ಥೆಯ ಮೂಲಕ ನಡೆದ ಆ ಧ್ವನಿಮುದ್ರಣಗಳಲ್ಲಿ ವಾದ್ಯವೃಂದದೊಡನೆ ನುಡಿಸುವ ಮೆಟ್ನರನ ಮೂರು ಪಿಯಾನೊ ಕನ್ಸರ್ಟೊಗಳೂ, ಗಾಯಕಿಯ ಕಂಠವನ್ನು ಪಿಯಾನೊದೊಡನೆ ಬೆಸೆದ ‘ಸೊನಾಟ-ವೊಕಲೀಸ್’ ಎಂಬ ರಚನೆಯೂ ಇವೆ. ಮೂರನೆಯ ಕನ್ಸರ್ಟೊವನ್ನು ಮೆಟ್ನರನು ಮಹಾರಾಜರಿಗೇ ಅರ್ಪಿಸಿದನು. ಗ್ರಾಮಫೋನ್ ತಟ್ಟೆಯ ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿದ್ದ ದಿನಗಳವು. ದೀರ್ಘವಾದ ಕೃತಿಯನ್ನು ತುಂಡುತುಂಡಾಗಿ ನುಡಿಸಿ, ಅದರ ಭಾವದ ಏಕಸೂತ್ರತೆಯನ್ನು ಕಾಪಾಡಬೇಕಾಗಿದ್ದಿತು.

ಏಕಸೂತ್ರತೆಯೇ ಈ ಸೊನಾಟಗಳ ಜೀವಾಳ. ‘ಸೊನಾಟ ರೆಮಿನಿಸೆನ್ಜಾ’ದ ಆರಂಭದಲ್ಲಿ ಹಗುರಾಗಿ ತೂಗಾಡುವ ಒಂದು ಚಿಕ್ಕ ಪಲುಕು ಕೇಳಿಬರುತ್ತದೆ. ಅದು ಮರೆಯಾಗಿ, ಎದೆ ಕಲಕುವ ಪ್ರಕ್ಷೋಭೆಗಳು ಕಳೆದ ಮೇಲೆ ನಡುವೆ ಒಮ್ಮೆ, ಕೊನೆಯಲ್ಲಿ ಮತ್ತೊಮ್ಮೆ ಹಿಂದಿರುಗುವಾಗ, ಸ್ವರಗಳು ಅವೇ ಆಗಿದ್ದರೂ ಕೇಳುವವನ ಮನಸ್ಸು ಬೇರೆಯಾಗಿರುತ್ತದೆ. ರಷ್ಯದ ಕವಿ ತ್ಯುತ್ಚೆವನ ಕವನದಿಂದ ಪ್ರೇರಿತವಾಗಿ, ರಖ್ಮಾನಿನೊವನಿಗೆ ಅರ್ಪಿತವಾದ ‘ರಾತ್ರಿಯ ಗಾಳಿ’ ಎಂಬ ಸೊನಾಟವಾದರೋ ಅರ್ಧ ಗಂಟೆಗೂ ಮಿಕ್ಕಿ ಎಡೆಬಿಡದೆ ಸಾಗುವ ಮಹಾಪ್ರಬಂಧ. ಅದರ ಪೂರ್ವಾರ್ಧದಲ್ಲಿ ಮೂರು ಮೂರರ ಐದು ಗುಂಪುಗಳಾಗಿ ಹದಿನೈದು ಮಾತ್ರೆಗಳ ಲಯವು ಉಸಿರುಕಟ್ಟುವಂತೆ ಬೀಸುತ್ತದೆ. ಹ್ಯಾಮೆಲಿನ್ ಇದನ್ನು ಅಂಗುಲಿಚಾತುರ್ಯದ ಪ್ರದರ್ಶನವಾಗಿಸದೆ, ಒಂದರ ಕೆಳಗೊಂದು ಹರಿಯುವ ಸ್ವರಧಾರೆಗಳನ್ನು ಸ್ಪಷ್ಟವಾಗಿ ಬಿಡಿಸಿಟ್ಟಿರುವುದು ಶ್ಲಾಘನೀಯ. ಮೊದಲ ಸಲ ಕೇಳಿದಾಗ ಈ ಸಂಗೀತ ಕೊಂಚ ಬಿಗಿಯೆಂದು ತೋರುವುದು ಸಹಜ. ಆದರೆ ಷಟ್ಪದಿಯ ಒಂದೇ ಧಾಟಿಯನ್ನು ರಾಗರಾಗಗಳಲ್ಲಿ ಬೆಳಗಿಸಿ ಕಥೆಯನ್ನು ಮುನ್ನಡೆಸುವ ಗಮಕಿಯನ್ನು ತಾಳ್ಮೆಯಿಂದ ಕೇಳಿದ ಕಿವಿಗಳಿಗೆ, ಒಂದೇ ಬೀಜದಿಂದ ಇಡೀ ವೃಕ್ಷವನ್ನು ಬೆಳೆಸುವ ಮೆಟ್ನರನ ಮಾರ್ಗವು ಬಹುಕಾಲ ಪರಕೀಯವಾಗಿ ಉಳಿಯಲಾರದೆಂಬುದು ನಮ್ಮ ದೃಢವಾದ ನಂಬಿಕೆ.

ಮಹಾರಾಜರ ಧನವು ಸಕಾಲಕ್ಕೆ ಒದಗಿದ್ದರಿಂದಲೇ ಮೆಟ್ನರನ ಕೈಗಳ ನಾದ ಉಳಿಯಿತು. 1951ರ ನವೆಂಬರಿನಲ್ಲಿ ಮೆಟ್ನರನು ತೀರಿಕೊಂಡನು. ಅವನ ಕೃತಿಗಳನ್ನು ಇಂದಿನ ವಾದಕರು ಸ್ವರಲಿಪಿಯನ್ನು ನೋಡಿ ಮರಳಿ ನುಡಿಸಬಲ್ಲರು. ಜೋಳದರಾಶಿ ದೊಡ್ಡನಗೌಡರಂಥ ಗಮಕಿಗಳು ಬೆಳೆದ ನಮ್ಮ ಈ ನೆಲದಲ್ಲಿ, ಕಾವ್ಯವಾಚನಕ್ಕಾಗಲಿ ಬಯಲಾಟದ ಹಾಡಿಗಾಗಲಿ ಅಂಥ ಸ್ವರಲಿಪಿಯ ಆಸರೆ ಸಾಮಾನ್ಯವಾಗಿ ಇಲ್ಲ. ಕಂಠವು ಹೋದರೆ ಕಲೆಯ ಬಹುಭಾಗ ಅದರೊಡನೆಯೇ ಹೋಗುವುದು. ಆದ್ದರಿಂದ ಮನೆಯ ಅಟ್ಟದಲ್ಲಿಯೋ ಪೆಟ್ಟಿಗೆಯಲ್ಲಿಯೋ ಹಿರಿಯರ ಗಮಕದ, ಬಯಲಾಟದ, ತತ್ತ್ವಪದಗಳ ಹಳೆಯ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡಿರುವ ಓದುಗರು ಅವುಗಳನ್ನು ಧೂಳಿನಿಂದಲೂ ಬಿಸಿಲಿನಿಂದಲೂ ಕಾಪಾಡಿ, ಹಾಡಿದವರ ಹೆಸರು, ಊರು, ವರ್ಷಗಳನ್ನು ಮೇಲೆ ಬರೆದು, ಪ್ರತಿ ಮಾಡಿಸಿಡಬೇಕೆಂದು ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.