ಮಾರುವುದಕ್ಕೆ ಕನ್ನಡ, ಒಪ್ಪಿಕೊಳ್ಳುವುದಕ್ಕೆ ಇಂಗ್ಲಿಷೇ?

ಕಾಸರಗೋಡಿನಲ್ಲಿ ಕನ್ನಡಕ್ಕೆ ಬೆಲೆಯಿಲ್ಲ ಎಂದು ನಾವು ದೂರುತ್ತಲೇ ಇದ್ದೇವೆ. ಆದರೆ ಒಂದು ಕಡೆ ಮಾತ್ರ ನಮ್ಮ ಭಾಷೆಗೆ ಈಗ ಭಾರೀ ಬೆಲೆ ಬಂದಿದೆ. ಅದು ಪ್ರಚಾರದ ಉದ್ದಿಮೆಯಲ್ಲಿ. ಇದಕ್ಕೆ ಸಂತೋಷಪಡಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಪಿ.ಆರ್. ಅಂದರೆ ಸಾರ್ವಜನಿಕ ಸಂಪರ್ಕ. ಪತ್ರಿಕೆಗಳಿಗೆ ಹೇಳಿಕೆ ಕಳಿಸುವುದು, ಪತ್ರಿಕಾಗೋಷ್ಠಿ ಮಾಡಿಸುವುದು ಇವರ ಹಳೆಯ ಕೆಲಸ. ಈಗ ದಾರಿ ಬೇರೆ. ಸಿನೆಮಾ ನಟನಿಗೆ ಕೋಟಿ ಕೊಡುವ ಬದಲು, ಕೆಲವು ಸಾವಿರ ಜನ ಮೊಬೈಲಿನಲ್ಲಿ ನೋಡುವ ಊರಿನ ಹುಡುಗನನ್ನೋ ಹುಡುಗಿಯನ್ನೋ ಹಿಡಿಯುತ್ತಾರೆ. ಅವರಿಗೆ ‘ಮೈಕ್ರೋ ಇನ್‌ಫ್ಲುಯೆನ್ಸರ್’ ಎಂದು ಹೆಸರು. ನಟ ಹೇಳಿದರೆ ಅದು ಜಾಹೀರಾತು ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ನಮ್ಮಂಥದ್ದೇ ಅಂಗಳದಲ್ಲಿ ನಿಂತು, “ನಾವು ಇದನ್ನೇ ತಕ್ಕೊಳ್ಳುದು ಮಾರಾಯ್ರೆ” ಎಂದರೆ ನೆರೆಕರೆಯವರ ಮಾತಿನ ಹಾಗೆ ಕೇಳುತ್ತದೆ. ಕಂಪೆನಿ ದುಡ್ಡು ಕೊಟ್ಟು ಕೊಂಡದ್ದು ಆ ನೆರೆಕರೆಯ ನಂಬಿಕೆಯನ್ನು.

“ನಮ್ಮ ಮಕ್ಕಳು ನಾಲ್ಕು ಕಾಸು ಸಂಪಾದಿಸಿದರೆ ನಿಮಗೇನು ಹೊಟ್ಟೆಕಿಚ್ಚು?” ಎಂದು ಕೇಳಬಹುದು. ಸಂಪಾದಿಸಲಿ. ಹರಕೆಯ ಬಯಲಾಟ ಆಡಿಸಿದರೂ ಸೇವಾಕರ್ತರು ಯಾರೆಂದು ನೋಟೀಸಿನಲ್ಲಿ ಹಾಕುತ್ತೇವೆ. ಇಲ್ಲಿ ಆಟ ಆಡಿಸಿದವರ ಹೆಸರು ಮಾತ್ರ ಏಕೆ ಅಡಗಿರಬೇಕು?

ನಿಯಮ ಇಲ್ಲವೆಂದಲ್ಲ. ಜಾಹೀರಾತು ಉದ್ದಿಮೆಯವರೇ ಕಟ್ಟಿಕೊಂಡ ಎ.ಎಸ್.ಸಿ.ಐ. ಮಂಡಳಿ 2021ರಲ್ಲಿ, ಪ್ರತಿಫಲ ಪಡೆದು ಹೊಗಳಿದರೆ ಅದನ್ನು ತಿಳಿಸಲೇಬೇಕು ಎಂದಿತು. ಆದರೆ ಆ ಸೂಚನೆ ಇಂಗ್ಲಿಷಿನಲ್ಲಿದ್ದರೂ ಸಾಕು ಎಂದಿತು! ಐದು ನಿಮಿಷ ಕನ್ನಡದಲ್ಲಿ ಹೊಗಳಿ, ಮೂಲೆಯಲ್ಲಿ ‘ಕೊಲಾಬ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಮ್ಮ ಅಜ್ಜಿಗೆ ಏನು ತಿಳಿಯಬೇಕು? 2023ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ಇದಕ್ಕಿಂತ ಮೇಲು. ಹೊಗಳಿದ ಭಾಷೆಯಲ್ಲಿಯೇ ಸೂಚನೆಯೂ ಇರಬೇಕು ಎಂದು ಅದು ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಪುನಃ ಮಾಡಿದರೆ 50 ಲಕ್ಷದವರೆಗೆ. ಕೇಳುವವರಿಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

ಇದು ಸೋಪು, ಶ್ಯಾಂಪೂವಿನ ಮಾತು ಮಾತ್ರ ಅಲ್ಲ. ಎಂಡೋಸಲ್ಫಾನನ್ನು ನೆನೆಯಿರಿ. ಸರಕಾರಿ ಪ್ಲಾಂಟೇಶನ್ ನಿಗಮದ ಗೇರುತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಆ ವಿಷ ಸುರಿಯಿತು. ನಾವು ಅದನ್ನು ‘ಮದ್ದು’ ಎಂದೇ ಕರೆದೆವು. ರೋಗಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೀಟನಾಶಕ ಉದ್ದಿಮೆಯವರು ವಾದಿಸುತ್ತಲೇ ಬಂದರು. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ವಾಣಿನಗರದ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಅಂಥವರು ಅದಕ್ಕೆ ಎಷ್ಟೋ ಮೊದಲೇ ಅನುಮಾನಪಟ್ಟು ಕೇಳಿದ್ದರು. ಅಂದು ‘ಏನೂ ಆಗುವುದಿಲ್ಲ’ ಎಂಬ ಮಾತು ಹೊರಗಿನಿಂದ ಬರುತ್ತಿತ್ತು, ಆದ್ದರಿಂದ ಸಂಶಯ ಹುಟ್ಟಲು ಜಾಗವಿತ್ತು. ನಾಳೆ ಅದೇ ಮಾತು ನಮ್ಮ ಅಳಿಯನ ಬಾಯಿಂದ, ನಮ್ಮದೇ ಕನ್ನಡದಲ್ಲಿ ಬಂದರೆ?

ಶಾಲೆಯ ಅಧ್ಯಾಪಕರಲ್ಲಿ ಒಂದು ಬೇಡಿಕೆ. ವಾರಕ್ಕೊಮ್ಮೆ ಒಂದು ವಿಡಿಯೋವನ್ನೋ ಪತ್ರಿಕೆಯ ಒಂದು ಸುದ್ದಿಯನ್ನೋ ತರಗತಿಯಲ್ಲಿಟ್ಟು, “ಇದಕ್ಕೆ ದುಡ್ಡು ಕೊಟ್ಟವರು ಯಾರು?” ಎಂದು ಮಕ್ಕಳನ್ನು ಕೇಳಿ. ವಾಚನಾಲಯಕ್ಕೆ ಬರುವವರೂ ಇದನ್ನು ರೂಢಿ ಮಾಡಿಕೊಳ್ಳಲಿ. ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲಿಯೇ ಹೇಳಬಹುದು. ಊರಿನ ವಿಡಿಯೋ ಮಾಡುವ ಮಕ್ಕಳೇ, ನಿಮ್ಮಲ್ಲೂ ಕೇಳುವುದು ಇಷ್ಟೇ: ದುಡ್ಡು ತಕ್ಕೊಂಡಿದ್ದರೆ ಮೊದಲ ಮಾತಿನಲ್ಲೇ ‘ಇದು ಜಾಹೀರಾತು’ ಎಂದು ಕನ್ನಡದಲ್ಲಿ ಹೇಳಿ. ಆಮೇಲೆ ಎಷ್ಟು ಬೇಕಾದರೂ ಹೊಗಳಿ. ಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ.