ಹೆಸರಿಲ್ಲದ ಮಿತ್ರರು



ಕಣಜ ಎಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಮನೆಯ ಸೂರಿನಡಿ ಗೂಡು ಕಟ್ಟಿಕೊಂಡು, ಕೆಣಕಿದವರನ್ನು ಕಚ್ಚಿ ಓಡಿಸುವ ಹಳದಿ ಹುಳು. ಆದರೆ ಕೀಟಶಾಸ್ತ್ರಜ್ಞರ ಲೆಕ್ಕದಲ್ಲಿ ಹೀಗೆ ಗೂಡು ಕಟ್ಟಿ ಗುಂಪಾಗಿ ಬಾಳುವ ಕಣಜಗಳು ಅಲ್ಪಸಂಖ್ಯಾತರು. ಕಣಜಗಳಲ್ಲಿ ಬಹುಪಾಲು ಮನುಷ್ಯನ ತಂಟೆಗೇ ಬರುವುದಿಲ್ಲ. ಅವು ಬೇರೊಂದು ಕೀಟದ ಮೊಟ್ಟೆಯಲ್ಲೋ ಮರಿಹುಳುವಿನಲ್ಲೋ ತಮ್ಮ ಮೊಟ್ಟೆಯನ್ನಿಡುತ್ತವೆ. ಒಳಗೆ ಹುಟ್ಟಿದ ಮರಿ ಆಶ್ರಯ ಕೊಟ್ಟ ಕೀಟವನ್ನೇ ತಿಂದು ಬೆಳೆಯುತ್ತದೆ. ನಮ್ಮ ಕೃಷಿ ಪುಸ್ತಕಗಳು ಇವನ್ನು ಪರತಂತ್ರ ಜೀವಿಗಳು ಎಂದು ಕರೆಯುತ್ತವೆ.

ರಾಯಚೂರು ಸುತ್ತಿನ ಎರೆ ಹೊಲಗಳಲ್ಲಿ, ದೇವದುರ್ಗದ ಹತ್ತಿ-ತೊಗರಿಯಲ್ಲಿ, ಮಾನ್ವಿಯ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಈ ಜೀವಿಗಳು ಅಸಂಖ್ಯವಾಗಿವೆ. ಆದರೆ ಹೊಲದ ಮಾತಿನಲ್ಲಿ ಇವಕ್ಕೆ ಹೆಸರೇ ಇಲ್ಲ. ಕಾಯಿ ಕೊರೆಯುವುದೂ ‘ಹುಳ’, ಅದನ್ನು ಕೊಲ್ಲುವುದೂ ‘ಹುಳ’. ಹೆಸರಿಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದು ‘ಎಣ್ಣಿ’ ಹೊಡೆದಾಗ ಮೊದಲು ಸಾಯುತ್ತದೆ. ಆದ್ದರಿಂದ, ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಜೀವಿಗಳ ವರ್ಗೀಕರಣವು ರೈತನ ಹೊಲಕ್ಕೆ ಗೊಬ್ಬರ, ನೀರುಗಳಷ್ಟೇ ಅವಶ್ಯವೆಂಬುದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನು ವಿವರಿಸುತ್ತೇನೆ.

ಮೊದಲು ಪದಗಳ ವಿಚಾರ. ಹೇನು, ಜಂತುಹುಳುಗಳು ಪರಾವಲಂಬಿಗಳು. ಅವು ಆಶ್ರಯದಾತನ ಸತ್ವವನ್ನು ಹೀರುತ್ತವೆಯೇ ಹೊರತು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹುಲಿ, ಜೇಡಗಳು ಪರಭಕ್ಷಕಗಳು; ಬದುಕಿರುವಷ್ಟು ಕಾಲ ಹಲವು ಜೀವಿಗಳನ್ನು ಕೊಂದು ತಿನ್ನುತ್ತವೆ. ನಮ್ಮ ಕಣಜದ ಮರಿ ಇವೆರಡರ ನಡುವಿನದು. ಒಂದೇ ಜೀವಿಯ ಆಶ್ರಯದಲ್ಲಿ ಬೆಳೆಯುತ್ತದೆ, ಕೊನೆಗೆ ಅದನ್ನು ಕೊಂದೇ ಹೊರಬರುತ್ತದೆ. ಈ ಬದುಕಿಗೆ ಪ್ರತ್ಯೇಕ ಪದವೊಂದನ್ನು ವಿಜ್ಞಾನಿ ರಾಯ್ಟರ್ 1913ರಲ್ಲಿ ಬಳಕೆಗೆ ತಂದರು.

ಇನ್ನು ವರ್ಗೀಕರಣ. ಇರುವೆ, ಜೇನು, ಕಣಜಗಳೆಲ್ಲ ‘ಹೈಮನಾಪ್ಟೆರ’ ಎಂಬ ಒಂದೇ ಗಣಕ್ಕೆ ಸೇರಿವೆ. ಪೊರೆಯಂತಹ ರೆಕ್ಕೆಯುಳ್ಳವು ಎಂದು ಅರ್ಥ. ಇವುಗಳಲ್ಲಿ ಸಣ್ಣ ಸೊಂಟದ ಗುಂಪನ್ನು ಹಿಂದೆ ಎರಡು ಪಾಲು ಮಾಡುತ್ತಿದ್ದರು: ಪರತಂತ್ರ ಕಣಜಗಳು ಮತ್ತು ಕೊಂಡಿಯುಳ್ಳವು. ಇಂದಿನ ತಿಳುವಳಿಕೆಯಂತೆ ಎರಡನೆಯದು ಮೊದಲನೆಯದರ ಒಳಗಿನಿಂದಲೇ ಕವಲೊಡೆದ ಕೊಂಬೆ. ಮೊಟ್ಟೆಯಿಡುವ ನಳಿಗೆಯೇ ಮುಂದೆ ಕೊಂಡಿಯಾಯಿತು. ಹೆಣ್ಣುಗಳು ಮಾತ್ರ ಕಚ್ಚುವುದು ಆ ಕಾರಣಕ್ಕೆ. ನಾವು ಆದರಿಸುವ ಜೇನುನೊಣವೂ ಪರತಂತ್ರ ಕಣಜಗಳ ವಂಶದ ಕುಡಿಯೇ. ಪರತಂತ್ರ ಕಣಜಗಳಲ್ಲಿ ಇಕ್ನ್ಯೂಮನಿಡೆ, ಬ್ರಕಾನಿಡೆ ಎಂಬ ಎರಡು ಕುಟುಂಬಗಳಲ್ಲೇ 40,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಾಗಿದೆ. ಅತಿ ಸಣ್ಣವು ಚಾಲ್ಸಿಡ್ ಗುಂಪಿನವು. ಜಗತ್ತಿನ ಅತಿ ಚಿಕ್ಕ ಕೀಟವೂ ಈ ಗುಂಪಿನದೇ. ಅದರ ಗಂಡಿನ ಉದ್ದ ಸುಮಾರು 0.14 ಮಿಲಿಮೀಟರ್.

ನಮ್ಮ ಹಿರಿಯರು ಇದನ್ನೆಲ್ಲ ಗಮನಿಸಿರಲಿಲ್ಲವೆಂದು ತಿಳಿಯಬೇಡಿ. ಭ್ರಮರ-ಕೀಟ ನ್ಯಾಯವನ್ನು ನೀವೆಲ್ಲ ಕೇಳಿದ್ದೀರಿ. ಮಣ್ಣಿನ ಗೂಡು ಕಟ್ಟುವ ಕುಂಡಲಿ ಹುಳು ಒಂದು ಕೀಡೆಯನ್ನು ತಂದು ಒಳಗಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಹೊರಬರುವುದು ಕೀಡೆಯಲ್ಲ, ಕುಂಡಲಿ. ಧ್ಯಾನಿಸುತ್ತ ಧ್ಯಾನಿಸುತ್ತ ಕೀಡೆಯೇ ಕುಂಡಲಿಯಾಯಿತು ಎಂದು ಅವರು ಅರ್ಥೈಸಿದರು. ಅಧ್ಯಾತ್ಮದ ದೃಷ್ಟಾಂತವಾಗಿ ಅದು ಸೊಗಸಾಗಿದೆ. ಹೊಲದ ಸತ್ಯ ಬೇರೆ: ತಾಯಿ ಕುಂಡಲಿ ಕೀಡೆಯನ್ನು ಕಚ್ಚಿ ಅದರ ಚಲನೆಯನ್ನು ಅಡಗಿಸಿ, ತನ್ನ ಮರಿಗೆ ಬುತ್ತಿಯಾಗಿ ಇಟ್ಟಿರುತ್ತದೆ. ಪರತಂತ್ರ ಕಣಜ ಗೂಡಿನ ಶ್ರಮವನ್ನೂ ವಹಿಸುವುದಿಲ್ಲ. ಕೀಡೆಯ ದೇಹವೇ ಅದಕ್ಕೆ ಗೂಡು. ಬ್ರಕಾನಿಡೆ ಕುಟುಂಬದ ಕೆಲವು ಕಣಜಗಳಂತೂ ಮೊಟ್ಟೆಯ ಜೊತೆಗೆ ಒಂದು ಬಗೆಯ ವೈರಸ್ಸನ್ನೂ ಚುಚ್ಚಿ, ಕೀಡೆಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತವೆ. ಇಂತಹ ಕ್ರೌರ್ಯವನ್ನು ಕರುಣಾಮಯನಾದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿರಲಾರನೆಂದು ಡಾರ್ವಿನ್ ತಮ್ಮ ಮಿತ್ರ ಏಸಾ ಗ್ರೇ ಅವರಿಗೆ 1860ರಲ್ಲಿ ಪತ್ರ ಬರೆದಿದ್ದರು.

ಈಗ ಹೆಸರಿನ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆ ಕೊಡುತ್ತೇನೆ. ಟ್ರೈಕೋಗ್ರಾಮ ಎಂಬುದು ಅರ್ಧ ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಚಿಕ್ಕದಾದ ಕಣಜ. ಅದು ಪತಂಗಗಳ ಮೊಟ್ಟೆಯೊಳಗೆ ಮೊಟ್ಟೆಯಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಆ ಮೊಟ್ಟೆ ಕಪ್ಪಾಗುತ್ತದೆ. ಹತ್ತು ದಿನದೊಳಗೆ ಕೀಡೆಯ ಬದಲು ಕಣಜ ಹೊರಬರುತ್ತದೆ. ಕೀಡೆ ಹುಟ್ಟುವ ಮೊದಲೇ ಕಥೆ ಮುಗಿಯುವುದರಿಂದ ಬೆಳೆಗೆ ಒಂದು ಕಚ್ಚೂ ಬೀಳದು. ಆದರೆ ಈ ಕುಲದ ಪ್ರಭೇದಗಳೆಲ್ಲ ನೋಡಲು ಒಂದೇ ತೆರನಾಗಿವೆ. ಬಣ್ಣ, ಗಾತ್ರಗಳನ್ನು ನಂಬಿ ಹೆಸರಿಟ್ಟಿದ್ದರಿಂದ ಜಗತ್ತಿನಾದ್ಯಂತ ಗೊಂದಲವಿತ್ತು. ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರದಲ್ಲಿ ದುಡಿಯುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು, ಗಂಡು ಕಣಜದ ಜನನಾಂಗದ ರಚನೆಯಿಂದ ಪ್ರಭೇದಗಳನ್ನು ಖಚಿತವಾಗಿ ಬೇರ್ಪಡಿಸಬಹುದೆಂದು 1971ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಬೇರೆ ಹೆಸರಿನಿಂದ ಕರೆಯಲಾಗುತ್ತಿದ್ದ ಕಣಜವು ಟ್ರೈಕೋಗ್ರಾಮ ಕಿಲೋನಿಸ್ ಎಂಬುದು ಆ ಬಳಿಕ ಸ್ಪಷ್ಟವಾಯಿತು. ಯಾವ ಪ್ರಭೇದ ಯಾವ ಪತಂಗದ ಮೊಟ್ಟೆಯನ್ನು ಹುಡುಕುತ್ತದೆ ಎಂಬುದು ತಿಳಿಯದೆ ಬಿಟ್ಟರೆ ಫಲವಿಲ್ಲ. ಭತ್ತದ ಕಾಂಡಕೊರಕಕ್ಕೆ ಟ್ರೈಕೋಗ್ರಾಮ ಜಪಾನಿಕಮ್, ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಟ್ರೈಕೋಗ್ರಾಮಟಾಯ್ಡಿಯ ಬ್ಯಾಕ್ಟ್ರೆ ಎಂದು ಇಂದು ಶಿಫಾರಸು ಮಾಡಲು ಸಾಧ್ಯವಾಗಿರುವುದು ಇಂತಹ ಹೆಸರಿನ ಕೆಲಸದಿಂದ.

ಇನ್ನೊಂದು ಉದಾಹರಣೆ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಗೆಡವಿತು. ಎಣ್ಣಿ ಹೊಡೆದರೂ ಅದರ ಮೇಣದ ಹೊದಿಕೆಯೊಳಗೆ ಇಳಿಯದು. ಆ ತಿಗಣೆ ಯಾವ ಪ್ರಭೇದದ್ದು, ಎಲ್ಲಿಂದ ಬಂದದ್ದು ಎಂಬುದು ನಿರ್ಧಾರವಾದ ಮೇಲೆ ಅದರ ಶತ್ರು ಯಾರೆಂಬುದೂ ತಿಳಿಯಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಬೆಳೆಸಿ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ತಿಗಣೆಯನ್ನು ಹತೋಟಿಗೆ ತಂದಿತು. ಅಂದಿನ ಆ ಸಂಸ್ಥೆ 2014ರಿಂದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೆಂದು ಹೆಸರಾಗಿದೆ.

ಇದನ್ನೆಲ್ಲ ಓದಿದ ನಿಮ್ಮಲ್ಲಿ ಕೆಲವರು, “ಸರ್, ಹೊಲದಾಗ ಹುಳ ಬಿದ್ದಾಗ ಕಣಜ ಬರ್ತೈತಿ ಅಂತ ಕಾಯ್ಕೋತ ಕುಂತ್ರ ಸಾಲ ತೀರಿಸೋರು ಯಾರು?” ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಕಣಜ ಸಂಜೀವಿನಿಯಲ್ಲ. ಕೀಡೆ ದೊಡ್ಡದಾಗಿ ಕಾಯಿಯೊಳಗೆ ಸೇರಿದ ಮೇಲೆ ಮೊಟ್ಟೆಯ ಕಣಜದಿಂದ ಪ್ರಯೋಜನವಿಲ್ಲ. ಬಿಸಿಲಲ್ಲಿ ಬಿಟ್ಟರೆ ಕಾರ್ಡೂ ವ್ಯರ್ಥ. ಆದರೆ ಎಣ್ಣಿಯ ಲೆಕ್ಕವನ್ನೂ ಹಾಗೆಯೇ ನೋಡಬೇಕು. ಹಸಿರು ಕಾಯಿಕೊರಕ 1980ರ ದಶಕದ ಕೊನೆಯಲ್ಲೇ ಪೈರಿಥ್ರಾಯ್ಡ್ ಔಷಧಗಳಿಗೆ ಒಗ್ಗಿಕೊಂಡಿತು. 2002ರಲ್ಲಿ ಬಂದ ಬಿಟಿ ಹತ್ತಿಗೂ ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿತು. ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದವರೇ ವಿಷವೇರಿ ಸತ್ತರು. ಭತ್ತದ ಕಂದು ಜಿಗಿಹುಳು ಹೆಚ್ಚಲು ಅತಿಯಾದ ಸಿಂಪಡಣೆಯೇ ಕಾರಣವೆಂದು ಅರಿತ ಇಂಡೊನೇಷ್ಯಾ, 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಕಾರಣ ಸರಳ: ಪೀಡೆಯ ಮೊಟ್ಟೆ, ಕೀಡೆಗಳು ಎಲೆಯಡಿ, ಕಾಂಡದೊಳಗೆ ಅಡಗಿ ಉಳಿಯುತ್ತವೆ, ಎಲೆಯ ಮೇಲೆ ಓಡಾಡುವ ಕಣಜ ಸಾಯುತ್ತದೆ. ಉಳಿದ ಪೀಡೆ ಬೇಗ ಹೆಚ್ಚುತ್ತದೆ. ಅದನ್ನೇ ಅವಲಂಬಿಸಿದ ಕಣಜ ತಡವಾಗಿ ಚೇತರಿಸಿಕೊಳ್ಳುತ್ತದೆ. ಆ ನಡುವಿನ ದಿನಗಳಲ್ಲಿ ರೈತ ಎರಡನೆಯ ಬಾಟಲಿ ಕೊಳ್ಳುತ್ತಾನೆ.

ಕಣಜವನ್ನು ಸಾಧುವೆಂದು ಹೊಗಳುವುದೂ ನನ್ನ ಉದ್ದೇಶವಲ್ಲ. 1980ರಲ್ಲಿ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿದ ಊಜಿ ನೊಣವೂ ಪರತಂತ್ರ ಜೀವಿಯೇ. ಅದರ ನಿಯಂತ್ರಣಕ್ಕೆ ಬಿಡುವುದು ನೆಸೋಲಿಂಕ್ಸ್ ಎಂಬ ಮತ್ತೊಂದು ಪರತಂತ್ರ ಕಣಜವನ್ನು! ಪ್ರಕೃತಿಯಲ್ಲಿ ಮಿತ್ರ, ಶತ್ರು ಎಂಬ ಪಟ್ಟಿಯಿಲ್ಲ. ಆ ಪಟ್ಟಿ ನಮ್ಮದು. ಆದ್ದರಿಂದ ಅದನ್ನು ಸರಿಯಾಗಿ ಬರೆಯುವ ಹೊಣೆಯೂ ನಮ್ಮದು.

ನಿಮ್ಮಲ್ಲಿ ಒಕ್ಕಲುತನ ಮಾಡುವವರಿದ್ದೀರಿ, ಗೊಬ್ಬರ-ಔಷಧದ ಅಂಗಡಿ ಇಟ್ಟವರಿದ್ದೀರಿ, ಶಾಲೆಯಲ್ಲಿ ಪಾಠ ಹೇಳುವವರಿದ್ದೀರಿ. ಒಕ್ಕಲಿಗರು ಮೂರು ಗುರುತುಗಳನ್ನು ನೆನಪಿಡಿ. ಎಲೆಯ ಮೇಲೆ ಕಪ್ಪಾದ ಪತಂಗದ ಮೊಟ್ಟೆ; ಸತ್ತ ಕೀಡೆಯ ಬದಿಯಲ್ಲಿ ಅಕ್ಕಿಕಾಳಿನಂತಹ ಬಿಳಿ ಗೂಡುಗಳು; ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಅಲುಗದೆ ಕುಳಿತ ಸಸ್ಯಹೇನು. ಆ ಬಿಳಿ ಗೂಡುಗಳನ್ನು ಕೀಡೆಯ ಮೊಟ್ಟೆಗಳೆಂದು ತಿಳಿದು ಹೊಸಕಿ ಹಾಕಬೇಡಿ. ಈ ಗುರುತುಗಳು ಹೇರಳವಾಗಿ ಕಂಡರೆ ಬಾಟಲಿಯನ್ನು ಕೆಳಗಿಟ್ಟು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನೋ ಕೃಷಿ ಇಲಾಖೆಯವರನ್ನೋ ಕೇಳಿ ಮುಂದುವರಿಯಿರಿ. ಒಂದು ಟ್ರೈಕೋ ಕಾರ್ಡಿನ ಮೇಲೆ ಕಣಜ ಸೇರಿದ ಸುಮಾರು 20,000 ಮೊಟ್ಟೆಗಳಿರುತ್ತವೆ. ಪತಂಗ ಮೊಟ್ಟೆಯಿಡುವ ಕಾಲಕ್ಕೇ ಅದನ್ನು ಕಟ್ಟಬೇಕು. ಅಂಗಡಿಯವರಲ್ಲಿ ನನ್ನ ವಿನಂತಿ: ಹುಳು ಬಿತ್ತೆಂದು ಬಂದ ರೈತನಿಗೆ ಬಾಟಲಿ ಕೊಡುವ ಮುನ್ನ, “ಯಾವ ಹುಳ? ಮೊಟ್ಟೆ ಕರಿ ಆಗ್ಯಾವೇನು ನೋಡಿದ್ರೇನು?” ಎಂದು ಒಂದು ಮಾತು ಕೇಳಿ. ಒಂದು ಬಾಟಲಿಯ ವ್ಯಾಪಾರ ಹೋದೀತು, ಗಿರಾಕಿ ಉಳಿದಾನು. ಶಿಕ್ಷಕರು ಹೈಮನಾಪ್ಟೆರದ ಪಾಠವನ್ನು ಹಲಗೆಯ ಮೇಲಿಂದ ಬದುವಿನ ಮೇಲಕ್ಕೆ ಒಯ್ಯಿರಿ. ಈ ಕಣಜಗಳಿಗೆ ನಿಮ್ಮ ಊರ ಮಾತಿನಲ್ಲಿ ಒಂದೊಂದು ಹೆಸರಿಡಿ. ಮಕ್ಕಳು ಹೆಸರಿಟ್ಟದ್ದನ್ನು ಸುಲಭಕ್ಕೆ ಕೊಲ್ಲುವುದಿಲ್ಲ.

ನಿಮ್ಮ ಹೊಲದ ಕಡೆ ಇವುಗಳಲ್ಲಿ ಯಾವುದಕ್ಕಾದರೂ ಹಳೆಯ ಹೆಸರು ಬಳಕೆಯಲ್ಲಿದ್ದರೆ ಅವಶ್ಯವಾಗಿ ತಿಳಿಸಿರಿ. ಬರೆದಿಟ್ಟುಕೊಳ್ಳುತ್ತೇನೆ.