ಕಕ್ಕಸಿಗೂ ನಮ್ಮ ಕೇರಿಯೇ ಬೇಕೇ?

ಪೇಟೆಯಲ್ಲಿ ಸಾರ್ವಜನಿಕ ಕಕ್ಕಸು ಕಟ್ಟಬೇಕೆಂದು ತೀರ್ಮಾನವಾಗುವ ದಿನ ಜಗಳ ಇರುವುದಿಲ್ಲ. ಎಲ್ಲರೂ ಕೈ ಎತ್ತುತ್ತಾರೆ. ಜಗಳ ಶುರುವಾಗುವುದು ಎಲ್ಲಿ ಕಟ್ಟಬೇಕು ಅನ್ನುವಾಗ. ಬಸ್ ನಿಲ್ದಾಣದ ಎದುರು ಬೇಡ, ಹೋಟೆಲಿನವರಿಗೆ ತೊಂದರೆ. ದೇವಸ್ಥಾನದ ಬೀದಿ ಬೇಡ, ಮೈಲಿಗೆ. ಬಟ್ಟೆ ಅಂಗಡಿ ಸಾಲಿನಲ್ಲಿ ಬೇಡ, ಗಿರಾಕಿ ಬರಲ್ಲ. ಕಡೆಗೆ ಒಬ್ಬರು ಬಹಳ ಸಾವಧಾನವಾಗಿ, "ಆ ಕಡೆ ಕಾಲೋನಿ ಪಕ್ಕ ಸರ್ಕಾರಿ ಜಾಗ ಖಾಲಿ ಐತಲ್ಲ" ಅನ್ನುತ್ತಾರೆ. ಸಭೆ ಮುಗಿಯಿತು. ಕಾಫಿ ಬಂತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಓಡಾಡಿಕೊಂಡಿರುವ ನಾವು ಈ ಮಾತನ್ನು ಕಿವಿಯಾರೆ ಕೇಳಿದ್ದೇವೆ. ಯಾವ ಊರಲ್ಲಿ ಅಂತ ಹೇಳುವುದಿಲ್ಲ. ಹೇಳಿದರೆ ಮಿಕ್ಕ ಊರುಗಳ ದೊಡ್ಡವರು ತಾವು ಬಚಾವಾದೆವು ಅಂದುಕೊಂಡಾರು.

ಕಕ್ಕಸು ಬೇಕಾಗಿರುವುದು ಯಾರಿಗೆ? ಅಂಗಡಿ ಮಾಲೀಕನಿಗೆ ಹಿತ್ತಲಲ್ಲಿ ಒಂದಿದೆ, ಬೀಗ ಹಾಕಿಕೊಂಡಿದ್ದಾನೆ. ಸಾಹೇಬರಿಗೆ ಆಫೀಸಿನಲ್ಲಿದೆ. ಬೇಕಾಗಿರುವುದು ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದು ಸಂಜೆತನಕ ಸೊಪ್ಪು, ಈರುಳ್ಳಿ ಹರವಿಕೊಂಡು ಕೂರುವ ನಮ್ಮ ಅವ್ವಂದಿರಿಗೆ. ತಾಲ್ಲೂಕು ಕಚೇರಿ ಮುಂದೆ ಪಹಣಿಗೆ ಕಾಯುವ ಮುದುಕಿಗೆ. ಕಾಲೇಜಿಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ. ನಮ್ಮದು ಬಯಲುಸೀಮೆ. ಆ ಬಿಸಿಲಲ್ಲಿ ದಿನವೆಲ್ಲ ಕೂತು ನೀರು ಕುಡಿಯದೆ ಇರುತ್ತಾರಲ್ಲ, ಬಾಯಾರಿಕೆ ಇಲ್ಲ ಅಂತಲ್ಲ ಕಣ್ರೀ, ಕುಡಿದರೆ ಎಲ್ಲಿಗೆ ಹೋಗೋದು ಅಂತ. ಗಂಡಸು ಗೋಡೆ ಹುಡುಕುತ್ತಾನೆ. ಹೆಂಗಸು ಕತ್ತಲಾಗಲಿ ಅಂತ ಕಾಯುತ್ತಾಳೆ, ಹೊಟ್ಟೆನೋವು, ಉರಿಮೂತ್ರ ಕಟ್ಟಿಕೊಂಡು ಮನೆಗೆ ಹೋಗುತ್ತಾಳೆ.

ದುರ್ಗದಲ್ಲಿ ಒನಕೆ ಓಬವ್ವನ ಪ್ರತಿಮೆ ನಿಲ್ಲಿಸಿದ್ದೇವೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತಿದೆ. ಕಿಂಡಿ ಕಾದ ಆ ತಾಯಿ ಛಲವಾದಿಗಳ ಮನೆಯವಳೆಂದು ನಾವೂ ಎದೆ ಉಬ್ಬಿಸುತ್ತೇವೆ. ಹಾರ ಹಾಕುವವರೇ, ಮೆರವಣಿಗೆಗೆ ಬಂದ ಹೆಂಗಸರು ಒಂದಕ್ಕೆ ಎಲ್ಲಿ ಹೋದರು ಎಂದು ಎಂದಾದರೂ ಕೇಳಿದ್ದೀರಾ?

ಪೇಟೆ ನಡುವೆ ಬೇಡ ಅನ್ನುವವರ ದೊಡ್ಡ ವಾದ ವಾಸನೆ. ಒಪ್ಪೋಣ, ನಾರುವ ಕಕ್ಕಸಿನ ಪಕ್ಕ ಯಾರೂ ಊಟ ಮಾಡಲಾರರು. ಆದರೆ ನಾರುವುದು ಯಾಕೆ? ಟ್ಯಾಂಕಿಗೆ ನೀರಿಲ್ಲ. ಕೊಳಾಯಿ ಮುರಿದು ತಿಂಗಳಾಯಿತು. ತೊಳೆಯುವವನಿಗೆ ಸಂಬಳ ಬಂದಿಲ್ಲ. ಗುಂಡಿ ತುಂಬಿದೆ. ಇವೆಲ್ಲ ಪೇಟೆ ನಡುವೆ ಆದರೆ ಅಂಗಡಿಯವರು ಬೆಳಗಾಗುವುದರೊಳಗೆ ಪುರಸಭೆಗೆ ಫೋನು ಮಾಡುತ್ತಾರೆ, ಸಾಯಂಕಾಲಕ್ಕೆ ನೀರು ಬರುತ್ತದೆ. ಕೇರಿ ಪಕ್ಕ ಆದರೆ ಯಾರಿಗೂ ಮೂಗಿಲ್ಲ. ಮೂರನೇ ತಿಂಗಳಿಗೆ ಬಾಗಿಲು ಹೋಗುತ್ತದೆ, ಆರನೇ ತಿಂಗಳಿಗೆ ಬೀಗ. ಆಮೇಲೆ "ಆ ಜನಕ್ಕೆ ಎಷ್ಟು ಕಟ್ಟಿಸಿಕೊಟ್ಟರೂ ಅಷ್ಟೇ" ಅನ್ನುವ ಮಾತು ಬೇರೆ! ಪೇಟೆಗೆ ಬಂದ ಹೆಂಗಸು ಅಷ್ಟು ದೂರ ನಡೆಯುವುದಿಲ್ಲ. ಕೇರಿಯವರಿಗೆ ಅದರ ನಾತ ಮಾತ್ರ ಸಿಕ್ಕುತ್ತದೆ. ತುಂಬಿದ ಗುಂಡಿಗೆ ಕೊನೆಗೆ ಇಳಿಸುವುದು ಯಾರನ್ನು?

ಇದು ಹಳೇ ಲೆಕ್ಕ. ಎಪ್ಪತ್ತರ ದಶಕದಲ್ಲಿ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟರು. 1993ರಲ್ಲಿ ಕೇಂದ್ರದ ಕಾನೂನು ಬಂತು, 2013ರಲ್ಲಿ ಇನ್ನೊಂದು. ಆದರೂ 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು? ತಲೆಮಾರುಗಳಿಂದ ಊರಿನ ಹೇಲು ಬಾಚಿದ ಭಂಗಿ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಹೊರಟಾಗ ಅವರು ಅದೇ ಮಲವನ್ನು ಮೈಗೆ ಸುರಿದುಕೊಂಡು ನಿಂತರು. ಊರು ಮೂಗು ಮುಚ್ಚಿಕೊಂಡಿತು. ಮಲಗುಂಡಿ, ಚರಂಡಿಗಿಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು, ಇಳಿಸುವುದು ನಿಲ್ಲಲಿಲ್ಲ.

ನಮ್ಮವರೇ ಕೆಲವರು, "ಕೇರಿಗೂ ಕಕ್ಕಸು ಬೇಡ್ವಾ?" ಅನ್ನುತ್ತಾರೆ. ಬೇಕು, ಮನೆಮನೆಗೂ ಬೇಕು, ನಲ್ಲಿ ಸಮೇತ. ಅದನ್ನು ತೋರಿಸಿ ಪೇಟೆಯ ಕಕ್ಕಸನ್ನು ನಮ್ಮ ಬೇಲಿಗೆ ತಂದು ಕಟ್ಟುವುದು ಬೇಡ. ಇನ್ನೊಂದು ಮಾತು. ಬೆಳಗಿನ ಜಾವ ಪೇಟೆ ಗುಡಿಸಲು ಬರುವ ಪೌರಕಾರ್ಮಿಕ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿರಬೇಕು. ಊರ ಕಕ್ಕಸು ತೊಳೆಯುವವಳಿಗೇ ಹೋಗಲು ಜಾಗವಿಲ್ಲದಿರುವುದು ಎಂಥ ವ್ಯವಸ್ಥೆ?

ಜಾಗ ಹುಡುಕಲು ಹೊರಟ ಇಂಜಿನಿಯರು ನಕ್ಷೆ ಮಡಿಸಿಟ್ಟು ಒಂದು ಸಂತೆ ದಿನ ಬರಲಿ. ಬೆಳಗ್ಗೆ ಬಸ್ಸಿಳಿದ ಹೆಂಗಸು ಎಷ್ಟು ದೂರ ನಡೆಯುತ್ತಾಳೆ, ಮಧ್ಯಾಹ್ನ ಎಲ್ಲಿ ಎದ್ದು ನಿಂತು ಸುತ್ತ ನೋಡುತ್ತಾಳೆ ಎಂದು ನೋಡಲಿ. ಅಲ್ಲೇ ಗೂಟ ಹೊಡೆಯಲಿ. ನೀರು, ದೀಪ, ಒಳಗಿನಿಂದ ಚಿಲಕ ಇರಲಿ. ಹೆಂಗಸರಿಂದ ಕಾಸು ಕೀಳುವುದು ಬೇಡ. ತೊಳೆಯುವ ಕೆಲಸಕ್ಕೆ ಯಂತ್ರ, ಕೈಚೀಲ, ಪೂರಾ ಸಂಬಳ ಕೊಡಲಿ, ಜಾತಿ ನೋಡಿ ಆಳು ಕರೆಯುವುದನ್ನು ಬಿಡಲಿ. ಉಪಾಧ್ಯಾಯ ಮಿತ್ರರು, ವಿದ್ಯಾರ್ಥಿಗಳು ನಿಮ್ಮ ಊರಿನ ಪುರಸಭೆಗೆ ಹೋಗಿ ಕಕ್ಕಸಿನ ನಕ್ಷೆ ಕೇಳಿ. ಕಾಲೋನಿ ಪಕ್ಕ ಗುರುತು ಹಾಕಿದ್ದರೆ ನಮಗೆ ಬರೆಯಿರಿ. ಗೂಟ ಕೀಳಲು ನಾವೂ ಬರುತ್ತೇವೆ.